ಜೋಡಿಯಾಗಿ ಬರೆದ ಪಟ್ಟಿ

ನಾಲ್ಕು ವರ್ಷದ ಹಿಂದೆ ಕೊರಿನ್‌ಗೆ ಎರಡು ಮೆಡಿಕಲ್ ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಒಂದು ಓಹಾಯೋದ ಎಂ.ಡಿ. ಕಾಲೇಜು, ಇನ್ನೊಂದು ಮಿಶಿಗನ್‌ನಲ್ಲೇ, ಮನೆಯಿಂದ ಅರ್ಧ ಗಂಟೆ ದೂರದ ಆಸ್ಟಿಯೋಪತಿ ಕಾಲೇಜು. ಅಲ್ಲಿ ಕೊಡುವುದು ಡಿ.ಓ. ಪದವಿ; ಅಮೆರಿಕದಲ್ಲಿ ಅದರಿಂದಲೂ ಎಂ.ಡಿ.ಯಷ್ಟೇ ಪೂರ್ತಿ ಡಾಕ್ಟರಾಗಬಹುದು, ಹೆಸರು ಮಾತ್ರ ಒಂದು ಕೈ ಕಡಿಮೆ. ಕಾರ್ಖಾನೆಯಲ್ಲಿ ಸೊಂಟ ಮುರಿದುಕೊಂಡಿದ್ದ ಅಪ್ಪನನ್ನು ಮತ್ತೆ ಎದ್ದು ಓಡಾಡುವಂತೆ ಮಾಡಿದವರು ಒಬ್ಬ ಡಿ.ಓ. ಡಾಕ್ಟರು. ಅವಳು ಎರಡನೆಯದನ್ನೇ ಆರಿಸಿದಳು. "ಎರಡೂ ಒಂದೇ, ಈಗ ಯಾರೂ ವ್ಯತ್ಯಾಸ ನೋಡಲ್ಲ" ಎಂದಿದ್ದರು ಕಾಲೇಜಿನವರು. ಹೇಳುವವರ ಗಂಟೇನು ಹೋಗುತ್ತದೆ?

ನೋಡುವವರು ನೋಡಿಯೇ ನೋಡಿದರು. ಕೊನೆಯ ವರ್ಷ ಸರ್ಜರಿ ತರಬೇತಿಗೆಂದು ಎಂಬತ್ತೆರಡು ಆಸ್ಪತ್ರೆಗಳಿಗೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕರೆದದ್ದು ಐದು. ಅವಳಿಗಿಂತ ಕಡಿಮೆ ಅಂಕ ತೆಗೆದ ಗಂಡ ಟ್ರೆವರ್, ಎಂ.ಡಿ. ಓದಿದವನು, ಮೆಡಿಸಿನ್ ತರಬೇತಿಗೆ ಹದಿನೇಳು ಕಡೆ ಸಂದರ್ಶನಕ್ಕೆ ಹೋಗಿ ಬಂದ. "ನಿನ್ನ ತಪ್ಪಲ್ಲ ಕಣೇ" ಎಂದು ಅವನು ಸಮಾಧಾನ ಹೇಳಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಗಂಡಹೆಂಡತಿ ಒಂದೇ ಊರಿನಲ್ಲಿರಬೇಕೆಂದರೆ ಇಬ್ಬರ ಆಯ್ಕೆಯ ಪಟ್ಟಿಗಳನ್ನೂ ಜೋಡಿಸಿ ಕಳಿಸಬೇಕು. ಸಾಲಿಗೆ ಅವನಿಗೊಂದು ಆಸ್ಪತ್ರೆ, ಅವಳಿಗೊಂದು. ಆಸ್ಪತ್ರೆಗಳೂ ತಮಗೆ ಬೇಕಾದವರ ಪಟ್ಟಿ ಕಳಿಸುತ್ತವೆ. ಮೇಲಿನಿಂದ ನೋಡುತ್ತ ಬರುವ ಕಂಪ್ಯೂಟರ್ ಪೂರ್ತಿ ಹೊಂದುವ ಮೊದಲ ಸಾಲಿಗೇ ನಿಂತುಬಿಡುತ್ತದೆ. ಕೆಳಗಿನ ಸಾಲುಗಳನ್ನು ಯಾರೂ ಕೇಳುವುದಿಲ್ಲ. ಬೇಕೆಂದರೆ ಒಬ್ಬರ ಜಾಗ ಖಾಲಿ ಬಿಡಬಹುದು; ಆ ಸಾಲು ಹೊಂದಿದರೆ ಇನ್ನೊಬ್ಬರಿಗಷ್ಟೇ ಸೀಟು.

ಮಾರ್ಚ್ ಮೊದಲ ವಾರ, ಕಳಿಸುವ ಕೊನೆಯ ದಿನ, ಊಟದ ಮೇಜಿನ ಮೇಲೆ ಇಬ್ಬರ ಲ್ಯಾಪ್‌ಟಾಪ್‌ಗಳು ಎದುರುಬದುರು. ಮೊದಲ ಆರು ಸಾಲು ದೊಡ್ಡ ಊರುಗಳು, ದೊಡ್ಡ ಆಸೆಗಳು. ಏಳನೆಯದು ಮಿಶಿಗನ್‌ನದೇ ಸಣ್ಣ ಊರು, ಸ್ಯಾಗಿನಾ. ಅಲ್ಲಿನ ಸರ್ಜರಿ ಮುಖ್ಯಸ್ಥೆ ಡಾಕ್ಟರ್ ಓಡೆಲ್ ಸಂದರ್ಶನದ ದಿನ ಅವಳನ್ನು ಕಾರಿನವರೆಗೂ ಬಂದು ಕಳಿಸಿದ್ದಳು.

"ಸ್ಯಾಗಿನಾ ಮೇಲೆ ಒಂದೇ ಒಂದು ಸಾಲು ಸೇರಿಸೋಣ್ವಾ?" ಎಂದ ಟ್ರೆವರ್. "ಬಾಸ್ಟನ್. ನನಗೆ ಮಾತ್ರ."

"ನನಗೆ?"

"ಖಾಲಿ. ಅಲ್ಲಿ ನನ್ನನ್ನ ಯಾರು ಮೂಸಿ ನೋಡ್ತಾರೆ ಹೇಳು. ಸುಮ್ನೆ ಒಂದಾಸೆ."

"ಯಾರೂ ಮೂಸಲ್ಲ ಅಂದ್ಮೇಲೆ ಯಾಕೆ ಬರಿಬೇಕು?"

"ಬರೀಲಿಲ್ವಲ್ಲ ಅಂತ ಆಮೇಲೆ ಕೊರಗಬಾರದು ಅಂತ. ಬೇಡ ಅಂದ್ರೆ ಬಿಡು."

ಬೇಡ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನ ಹದಿನೇಳನ್ನು ತನ್ನ ಐದಕ್ಕೆ ಕಟ್ಟಿಹಾಕಿದ್ದೇನೆ ಎಂಬ ಅಳುಕು ಅವಳನ್ನು ತಿಂಗಳುಗಟ್ಟಲೆ ತಿಂದಿತ್ತು. ಅಳುಕಿನ ಮನುಷ್ಯರು ತಮ್ಮ ಪಾಲನ್ನು ಕೇಳಿ ತಗೊಳ್ಳುವುದಿಲ್ಲ, ಕೇಳದೆಯೇ ಬಿಟ್ಟುಕೊಡುತ್ತಾರೆ. ತನ್ನ ಪಟ್ಟಿಯಲ್ಲಿ ಖಾಲಿ ಎಂದು ತಾನೇ ಒತ್ತಿದಳು. ಸ್ಯಾಗಿನಾ ಎಂಟಕ್ಕೆ ಇಳಿಯಿತು.

ಮಾರ್ಚ್ ಮೂರನೆಯ ವಾರ ಸೋಮವಾರ ಬೆಳಿಗ್ಗೆ ಇಮೇಲ್ ಬಂತು. ಅವನಿಗೆ ಜಾಗ ಸಿಕ್ಕಿತ್ತು, ಅವಳಿಗೆ ಸಿಕ್ಕಿರಲಿಲ್ಲ. ಯಾವ ಊರು ಎಂಬುದನ್ನು ಶುಕ್ರವಾರದವರೆಗೆ ಹೇಳುವುದಿಲ್ಲ. ಇವರಿಗೆ ಹೇಳಬೇಕಾಗಿಯೂ ಇರಲಿಲ್ಲ. ಖಾಲಿ ಇದ್ದದ್ದು ಒಂದೇ ಸಾಲು. ಟ್ರೆವರ್ ಅವಳನ್ನು ತಬ್ಬಿಕೊಂಡು ಅತ್ತ. ಅಳುವ ಮುಂಚೆ ಅವನ ಮುಖದಲ್ಲಿ ಸಂತೋಷವೊಂದು ಮಿಂಚಿ ಹೋದದ್ದನ್ನು ಅವಳು ಕಂಡಿದ್ದಳು. ಅದನ್ನು ಕ್ಷಮಿಸಲಾರೆ ಅನ್ನಿಸಿತು.

ಆ ವಾರವೆಲ್ಲ ಅಲ್ಲಿಲ್ಲಿ ಉಳಿದ ಸೀಟುಗಳಿಗೆ ಅರ್ಜಿ ಹಾಕಿದಳು. ಯಾರೂ ಕರೆಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಡಾಕ್ಟರ್ ಓಡೆಲ್ ಫೋನ್ ಮಾಡಿದಳು. "ಕೇಳಬಾರದು, ಆದ್ರೂ ಕೇಳ್ತೀನಿ ಕೊರಿನ್. ನಮ್ಮ ಪಟ್ಟೀಲಿ ನೀನೇ ಮೊದಲು. ನಿನ್ನ ಗಂಡನಿಗೂ ಇಲ್ಲಿ ಮೆಡಿಸಿನ್‌ನಲ್ಲಿ ಜಾಗ ಇಟ್ಟಿದ್ರು. ಯಾಕಮ್ಮ ಬರಲಿಲ್ಲ?"

"ಆ ಜಾಗ ಯಾರಿಗೆ ಹೋಯ್ತು ಮೇಡಂ? ಎಂ.ಡಿ.ಯವರಿಗಾ?"

"ಇಲ್ಲ. ನಿನ್ನ ಕಾಲೇಜಿನ ಹುಡುಗಿಗೇ."

ಟ್ರೆವರ್ ಪಕ್ಕದ ಕೋಣೆಯಲ್ಲಿ ಬಾಸ್ಟನ್ನಿನ ಮನೆಗಳನ್ನು ಹುಡುಕುತ್ತಿದ್ದ. "ಯಾರದು ಫೋನು?" ಎಂದು ಕೇಳಿದ.

"ಸ್ಯಾಗಿನಾದಿಂದ. ನಮ್ಮಿಬ್ಬರಿಗೂ ಅಲ್ಲಿ ಜಾಗ ಇತ್ತಂತೆ."

ಅವನು ಎದ್ದು ಬಾಗಿಲಿಗೆ ಬಂದು ನಿಂತ.

"ಸಣ್ಣ ಮನೆ ನೋಡು ಸಾಕು" ಎಂದಳು. "ನಾನು ಬರಲ್ಲ. ಮುಂದಿನ ವರ್ಷ ನನ್ನ ಪಟ್ಟಿ ನಾನೊಬ್ಬಳೇ ಕಳಿಸ್ತೀನಿ."