ಇವರಿಬ್ಬರೂ ಒಬ್ಬರೇ?

ಮೇಣದಲ್ಲಿ ಕೂರಿಸಿದ ಆರನೇ ಹಲ್ಲು ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು. ಅವಳು ಸಣ್ಣ ಚಾಕುವಿನ ತುದಿಯನ್ನು ಉರಿಗೆ ಹಿಡಿದು, ಮೇಣವನ್ನು ಮೆತ್ತಗೆ ಮಾಡಿ, ಹಲ್ಲನ್ನು ಅದರ ಜಾಗಕ್ಕೆ ದೂಡಿದಳು. ಎದುರಿಗೆ ಅಚ್ಚಿನ ಪುಡಿಯ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ ಫೋಟೋಗಳು ಮೇಲೇರುತ್ತಿದ್ದವು. ಶೇಕಡಾ ತೊಂಬತ್ತೇಳು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಈ ಕಿರುಕೋಣೆಯಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ ಬೇರೆಯವರ ಬಾಯಿಗೆ ಹಲ್ಲು ಕಟ್ಟುತ್ತಿದ್ದಳು.

ಮನೆಯಲ್ಲಿ ಒಂದು ತಿಂಗಳಿಂದ ಅದೇ ಮಾತು. ಫೋಟೋಗಳಿದ್ದ ಹಾರ್ಡ್ ಡಿಸ್ಕ್ ಕೈಜಾರಿ ಬಿದ್ದು, ಹೇಗೋ ಉಸಿರು ಹಿಡಿದುಕೊಂಡಿತ್ತು. ಇಪ್ಪತ್ತೆರಡು ವರ್ಷದ ಸಂಸಾರವನ್ನು ಇನ್ನು ಕ್ಲೌಡಿಗೆ ಕಳಿಸಿಬಿಡುವುದೆಂದು ಆಗಲೇ ತೀರ್ಮಾನವಾಯಿತು. ಯಾವ ಕ್ಲೌಡಿಗೆ ಎಂಬುದು ಮಾತ್ರ ಬಗೆಹರಿಯಲಿಲ್ಲ. ಒಂದರ ಗುರುತು ಕಿತ್ತಳೆ ಬಣ್ಣದ್ದು, ಇನ್ನೊಂದರದ್ದು ಬೂದು. ಮನೆಯಲ್ಲಿ ಅವುಗಳಿಗೆ ಅದೇ ಹೆಸರಾಯಿತು. ಕಿತ್ತಳೆಯಲ್ಲಿ ಜಾಗ ಹೆಚ್ಚು ಎಂದು ಗಂಡ. ಬೂದು ಫೋಟೋಗಳನ್ನು ಕುಗ್ಗಿಸದೆ ಇದ್ದ ಹಾಗೇ ಇಡುತ್ತದೆ ಎಂದು ಮಗಳು. ಎರಡನ್ನೂ ಒಂದು ತಿಂಗಳು ಬಿಟ್ಟಿಯಾಗಿ ಬಳಸಿ ನೋಡಬಹುದಿತ್ತು. ಆ ಗಡುವು ಭಾನುವಾರಕ್ಕೆ ಮುಗಿಯುತ್ತಿತ್ತು. ಎರಡರಲ್ಲೂ ಎಲ್ಲವೂ ಸೇರಿದೆಯೇ ಎಂದು ನೋಡಿ ಕೊನೆಯ ಮಾತು ಹೇಳುವ ಕೆಲಸ ಅವಳ ಹೆಗಲಿಗೆ ಬಿದ್ದಿತ್ತು. ಡಾಕ್ಟ್ರಮ್ಮನ ಕಣ್ಣು ತಪ್ಪಿಸಿ ಏನೂ ಹೋಗಲ್ಲ ಎಂದಿದ್ದ ಗಂಡ. ಅವಳು ಡಾಕ್ಟರಲ್ಲ. ಅವನು ಹಾಗೆ ಕರೆಯಲು ಶುರುಮಾಡಿ ಒಂಬತ್ತು ವರ್ಷವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಎರಡೂ ಶೇಕಡಾ ನೂರಾದವು. ಎರಡು ಕ್ಲೌಡುಗಳೂ ಮುಖಗಳನ್ನು ತಾವೇ ಗುರುತಿಸಿ, ಒಬ್ಬೊಬ್ಬರದ್ದನ್ನೂ ಒಂದೊಂದು ದುಂಡು ಚಿತ್ರದ ಹಿಂದೆ ಗುಡ್ಡೆಹಾಕಿದ್ದವು. ಕಿತ್ತಳೆಯಲ್ಲಿ ಮೂರು ದುಂಡು: ಅವಳು, ಗಂಡ, ಮಗಳು. ಬೂದಿನಲ್ಲಿ ನಾಲ್ಕು. ನಾಲ್ಕನೆಯದೂ ಗಂಡನದೇ. ಕೆಳಗೊಂದು ಪ್ರಶ್ನೆಯಿತ್ತು: ಇವರಿಬ್ಬರೂ ಒಬ್ಬರೇ?

ಅವಳಿಗೆ ನಗು ಬಂತು. ಗಂಡನ ಮೊದಲ ದುಂಡನ್ನು ಒತ್ತಿದಳು. ಗಡ್ಡವಿದ್ದ ಗಂಡ, ಗಡ್ಡ ಬೋಳಿಸಿದ ಗಂಡ, ಕನ್ನಡಕದ ಗಂಡ, ಮಗುವನ್ನು ಎತ್ತಿಕೊಂಡ ಗಂಡ. ಕೊನೆಯದ್ದು ಒಂಬತ್ತು ವರ್ಷದ ಹಿಂದಿನ ಏಪ್ರಿಲ್ ತಿಂಗಳದ್ದು. ಎರಡನೆಯದು ಶುರುವಾಗುವುದು ಅದೇ ವರ್ಷದ ಆಗಸ್ಟಿನಲ್ಲಿ, ಅವನು ಆಸ್ಪತ್ರೆಯಿಂದ ಮನೆಗೆ ಬಂದ ದಿನ. ಆಮೇಲೆ ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು, ಹೋಗಿತ್ತು. ಆದರೆ ಒಂದೇ ಒಂದು ಫೋಟೋ ಗಡಿ ದಾಟಿ ಆ ಕಡೆಯದ್ದು ಈ ಕಡೆಗೆ ಬಂದಿರಲಿಲ್ಲ.

ಅದು ಬರೀ ಜ್ವರ. ತಲೆಗೇರಿ ಮೂರು ವಾರ ಎಚ್ಚರವಿರಲಿಲ್ಲ. ಮುಖಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಹಲ್ಲಿನ ಸೆಟ್ಟು ಮಾಡುವ ಮೊದಲು ಅವಳು ರೋಗಿಯ ಹಳೆಯ ಫೋಟೋ ತರಿಸಿಕೊಳ್ಳುವುದುಂಟು. ನಗುವಾಗ ತುಟಿ ಮೊದಲು ಎದ್ದೇಳುವುದು ಯಾವ ಕಡೆ ಎಂದು ನೋಡಬೇಕು. ಹಲ್ಲೆಲ್ಲ ಉದುರಿ ಕೆನ್ನೆ ಬತ್ತಿಹೋದರೂ ಆ ಕಡೆ ಬದಲಾದದ್ದನ್ನು ಅವಳು ಇದುವರೆಗೆ ಕಂಡಿರಲಿಲ್ಲ. ಭೂತಗನ್ನಡಿ ತೆಗೆದುಕೊಂಡಳು. ಮೊದಲ ದುಂಡಿನವನ ತುಟಿ ಎಡಕ್ಕೆ ಏಳುತ್ತಿತ್ತು. ಎರಡನೆಯವನದ್ದು ಬಲಕ್ಕೆ. ಫೋಟೋ ತಿರುವುಮುರುವಾಗಿರಬಹುದೆಂದು ಅಂಗಿಯ ಜೇಬು ನೋಡಿದಳು. ಎರಡರಲ್ಲೂ ಜೇಬು ಎಡಕ್ಕೇ ಇತ್ತು.

ಪ್ರಶ್ನೆಗೆ ಉತ್ತರ ಕೊಡದೆ ಮೊಬೈಲನ್ನು ಬೋರಲು ಹಾಕಿದಳು.

ಮೊದಲಿನವನು ಅವಳ ಮೇಲೆ ಕೈಮಾಡಿದವನಲ್ಲ. ತಟ್ಟೆಯ ಅಂಚಿಗೆ ಚಮಚದಿಂದ ಎರಡು ಸಲ ತಟ್ಟುತ್ತಿದ್ದ, ಅಷ್ಟೆ. ಅದಕ್ಕೇ ಅವಳು ಎದ್ದು ಓಡಬೇಕಿತ್ತು. ಏನು ಕಡಿಮೆಯಾಗಿದೆ ಎಂದು ಅವನು ಹೇಳುತ್ತಿರಲಿಲ್ಲ, ಅವಳೇ ತಿಳಿದುಕೊಳ್ಳಬೇಕು. ತಪ್ಪಾದರೆ ಎಂಟು ದಿನ, ಹತ್ತು ದಿನ ಮನೆಯಲ್ಲಿ ಮಾತಿಲ್ಲ. ಗೇಟಿನ ಸದ್ದಾದರೆ ಮಗಳು ಆಟದ ಸಾಮಾನು ಬಿಟ್ಟು ಮಂಚದ ಕೆಳಗೆ ಸೇರುತ್ತಿದ್ದಳು. ಜ್ವರದಿಂದೆದ್ದು ಬಂದವನು ಮೊದಲ ದಿನವೇ ತನ್ನ ತಟ್ಟೆ ತಾನೇ ತೊಳೆದಿಟ್ಟ. ಸಾವಿನ ಬಾಗಿಲು ತಟ್ಟಿ ಬಂದ ಮೇಲೆ ಮನುಷ್ಯ ಮೆತ್ತಗಾದ ಎಂದು ಅತ್ತಿಗೆ ಹೇಳಿದಳು, ನೆರೆಯವರು ಹೇಳಿದರು. ಅವಳೂ ಹೂಂ ಅಂದಿದ್ದಳು. ಆ ಹೂಂಕಾರದ ಅಡಿಯಲ್ಲಿದ್ದುದನ್ನು ಅವಳು ಈವರೆಗೆ ಎತ್ತಿ ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಮಗಳು ಅಮ್ಮನ ಮೊಬೈಲು ಹಿಡಿದುಕೊಂಡು ಅಡುಗೆಮನೆಗೆ ಬಂದಳು.

“ಅಪ್ಪಾ, ಇಲ್ನೋಡಿ, ನೀವು ಇಬ್ಬರಂತೆ.”

“ಒಬ್ಬನನ್ನ ಸಾಕೋದ್ರಲ್ಲೇ ನಿಮ್ಮಮ್ಮಂಗೆ ಸಾಕುಸಾಕಾಗಿದೆ” ಎಂದು ಅವನು ನಕ್ಕ. “ಇಬ್ಬರಾದ್ರೆ ಡಾಕ್ಟ್ರಮ್ಮ ಮನೆ ಬಿಟ್ಟೇ ಹೋಗ್ತಾಳೆ. ತಾ ಇಲ್ಲಿ.”

ಅವಳು ಒದ್ದೆ ಕೈಯನ್ನು ಚಾಚುವಷ್ಟರಲ್ಲಿ ಅವನು ಒತ್ತಿಬಿಟ್ಟಿದ್ದ. ಹೌದು, ಒಬ್ಬರೇ. ಎರಡು ದುಂಡುಗಳು ತೆವಳಿ, ಒಂದರ ಮೇಲೊಂದು ಕೂತು, ಒಂದಾದವು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ಕಾಲೇಜಿನ ಯಾವುದೋ ಕಥೆ ಹೇಳುತ್ತಿದ್ದಳು. ಅವಳು ಬೆನ್ನು ಹಾಕಿ ನೀರು ಬಗ್ಗಿಸುತ್ತಿದ್ದಳು. ಚಮಚ ತಟ್ಟೆಯ ಅಂಚಿಗೆ ಎರಡು ಸಲ ತಗುಲಿತು. ಮಗಳ ಮಾತು ಅರ್ಧಕ್ಕೇ ನಿಂತಿತು. ತಿರುಗಿ ನೋಡಿದರೆ ಹದಿನೇಳರ ಹುಡುಗಿ ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡಿದ್ದಳು. ತಾನು ಹಾಗೆ ಮಾಡಿದ್ದು ಹುಡುಗಿಗೇ ತಿಳಿದಂತಿರಲಿಲ್ಲ. ಉಪ್ಪು, ನೀರು, ಇನ್ನೊಂದು ಸೌಟು ಅನ್ನ: ಮೊದಲಿನ ಹಾಗೇ ಅವಳು ಒಂದೊಂದನ್ನೇ ಅವನ ಮುಂದಿಟ್ಟಳು. ಅವನು ತಲೆ ಎತ್ತಲಿಲ್ಲ.

“ನಿನ್ನೆ ಕ್ಲಿನಿಕ್ಕಿಂದ ಹನ್ನೆರಡು ನಿಮಿಷ ತಡವಾಗಿ ಬಂದೆ” ಅಂದ. “ಯಾರ ಜೊತೆ ಮಾತಾಡ್ತಾ ನಿಂತಿದ್ದೆ?”

ಸಂಜೆವರೆಗೆ ಮತ್ತೆ ಮಾತಿಲ್ಲ. ಮಗಳು ಅಪ್ಪಂಗೆ ಏನಾಗಿದೆ ಎಂದು ಪಿಸುಗುಟ್ಟಿದಾಗ ಅವಳು ತಲೆನೋವಿರಬೇಕು ಎಂದಳು. ತಾನೂ ಅದನ್ನೇ ನಂಬಲು ನೋಡಿದಳು. ಒಂದು ಬೆರಳು ಗಾಜಿನ ಮೇಲೆ ಒತ್ತಿದ್ದಕ್ಕೆ ಮನುಷ್ಯ ಬದಲಾಗುತ್ತಾನೆಂದರೆ ಯಾರಾದರೂ ನಕ್ಕಾರು. ಭಾನುವಾರ ಬೆಳಿಗ್ಗೆ, ಕಿತ್ತಳೆ ಇರಲಿ, ಬೂದನ್ನು ಅಳಿಸಿಹಾಕು, ಇವತ್ತೇ, ಎಂದು ಅವನು ಹೇಳಿದ. ಹೇಳಿ ಸುಮ್ಮನೆ ನಕ್ಕ. ಅವಳು ಅವನ ಕಣ್ಣು ನೋಡಲಿಲ್ಲ, ತುಟಿ ನೋಡಿದಳು. ಅದು ಎಡಕ್ಕೆ ಎದ್ದಿತು.

ಬಟ್ಟೆ ಒಣಗಿಸುವ ನೆಪದಲ್ಲಿ ಅವಳು ಬಾಲ್ಕನಿಗೆ ಬಂದು ಬಾಗಿಲು ಎಳೆದುಕೊಂಡಳು. ಕಿತ್ತಳೆಯಲ್ಲಿ ಅವನು ಮೊದಲಿನಿಂದಲೂ ಒಬ್ಬನೇ. ಅಲ್ಲಿ ಗಡಿಯೇ ಇರಲಿಲ್ಲ. ಗಡಿ ಕಂಡದ್ದು ಬೂದಿಗೆ ಮಾತ್ರ. ಅದು ಹೋದರೆ ಇಬ್ಬರನ್ನು ಬೇರೆಬೇರೆಯಾಗಿ ಹಿಡಿದಿಡುವ ಜಾಗ ಇನ್ನೆಲ್ಲೂ ಇರಲಿಲ್ಲ. ಹುಡುಕಿದರೆ ಬೂದಿನೊಳಗೊಂದು ದಾರಿ ಸಿಕ್ಕಿತು: ಇದು ಬೇರೆಯವರು. ಅದನ್ನು ಒಟ್ಟಿಗೆ ಮಾಡುವಂತಿರಲಿಲ್ಲ, ಒಂದೊಂದೇ ಫೋಟೋ ಒತ್ತಬೇಕು. ಸಾವಿರದ ನೂರಕ್ಕೂ ಮೇಲೆ. ಮದುವೆಯದ್ದು ಒತ್ತಿದಳು. ಮಗು ಹುಟ್ಟಿದ ದಿನದ್ದು ಒತ್ತಿದಳು. ಅದರಲ್ಲಿ ಮಗು ಅವನ ಬೆರಳು ಹಿಡಿದಿತ್ತು. ಬಿಸಿಲು ಅರ್ಧ ಗೋಡೆ ಇಳಿಯುವಷ್ಟರಲ್ಲಿ ದುಂಡುಗಳು ಮತ್ತೆ ನಾಲ್ಕಾದವು.

ಮೊದಲಿನವನ ದುಂಡಿನ ಕೆಳಗೆ ಇನ್ನೂ ಒಂದು ಅವಕಾಶವಿತ್ತು: ಇವರ ಎಲ್ಲ ಚಿತ್ರಗಳನ್ನು ಅಳಿಸಿ. ಬೆರಳು ಅಲ್ಲೇ ನಿಂತಿತು. ಅಳಿಸಿದರೆ ಮಗಳ ಮೊದಲ ಎಂಟು ವರ್ಷವೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿಂದ ಹೊರಬಿದ್ದವನು ಎಲ್ಲಿಗೆ ಹೋಗುತ್ತಾನೆ? ಅವನಿಗೆ ಗೊತ್ತಿರುವ ಮನೆ ಇದೊಂದೇ. ಅವಳು ಬೆರಳು ತೆಗೆದಳು.

ಒಳಗಿನಿಂದ ಗಂಡನ ದನಿ ಕೇಳಿತು. ಮಾತೇನೆಂದು ತಿಳಿಯಲಿಲ್ಲ. ಮಗಳು ನಕ್ಕದ್ದು ಮಾತ್ರ ಸ್ಪಷ್ಟವಾಗಿ ಕೇಳಿತು.

ಅವಳು ಬೂದನ್ನು ಮನೆಯ ಇಮೇಲಿನಿಂದ ತೆಗೆದು ತನ್ನ ಕೆಲಸದ ಇಮೇಲಿಗೆ ಬದಲಿಸಿದಳು. ಯಾರಿಗೂ ಊಹಿಸಲಾಗದ ಪಾಸ್‌ವರ್ಡ್ ಹಾಕಿದಳು. ಮೊದಲ ವರ್ಷದ ಹಣವನ್ನೂ ಕಟ್ಟಿದಳು. ವರ್ಷ ವರ್ಷ ಹೀಗೇ ನವೀಕರಿಸಬೇಕು, ಒಂದು ದಿನವೂ ತಪ್ಪುವಂತಿಲ್ಲ. ಕಾಯಿಲೆ ಬಿದ್ದರೂ, ಕೆಲಸ ಬಿಟ್ಟರೂ, ಅವಳು ಬದುಕಿರುವಷ್ಟು ಕಾಲ. ಮೊಬೈಲಿನ ತೆರೆಯಿಂದ ಬೂದಿನ ಗುರುತನ್ನು ಅಳಿಸಿ, ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಯಾವುದೆಂದು ತೀರ್ಮಾನ ಮಾಡಿದೆ ಎಂದು ಗಂಡ, ಮಗಳು ಇಬ್ಬರೂ ಕೇಳಿದರು. ಕಿತ್ತಳೆ, ಎಂದಳು.