ಸುಗುಣ ಮೆಟ್ಟಿದ ಕಾಲು

ಸುಗುಣ ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದಿತ್ತು. ಅವಳು ಮಾಡಿದ ತಪ್ಪು ಅಷ್ಟೇ. ಅಂಥವರು ಮೆಟ್ಟಿದರೆ ಉಳುಕು ಹೋಗುತ್ತದೆಂದು ನಂಬಿದ ಹೆಮ್ಮಾಡಿಯ ಜನ ಅವಳ ಬಾಲ್ಯವಿಡೀ ಕುಂಟುತ್ತಾ ಬಾಗಿಲಿಗೆ ಬಂದರು. ಈಗ ಮೂವತ್ತಾರರ ಸುಗುಣ ಅದೇ ಊರಿನ ಮಕ್ಕಳಿಗೆ ಕರಾಟೆ ಕಲಿಸುತ್ತಾಳೆ. ಜನ ಇನ್ನೂ ಬೆನ್ನು ಬಿಟ್ಟಿಲ್ಲ.

ಆ ಬೆಳಿಗ್ಗೆ ಕುಸುಮಾವತಿಯಮ್ಮ ಮೊಮ್ಮಗಳು ಅಕ್ಷಯಾಳ ಕೈಹಿಡಿದುಕೊಂಡು ಬಂದರು. ಹಿಂದಿನ ಸಂಜೆ ತಡವಾಗಿ ಬಂದಿದ್ದ ಹುಡುಗಿ, ಮೈ ಬೆಚ್ಚಗೆ ಮಾಡಿಕೊಳ್ಳದೆ ಹಾರಿ ಒದೆಯಲು ಹೋಗಿ, ಎರಡು ಮ್ಯಾಟುಗಳ ಸಂದಿಗೆ ಕಾಲು ಸಿಕ್ಕಿಸಿಕೊಂಡಿದ್ದಳು. ಕಣಕಾಲು ಬನ್ನಿನಂತೆ ಉಬ್ಬಿತ್ತು.

"ಎಲುಬು ಮುರೀಲಿಲ್ಲ ಅಂದ್ರ್ ಡಾಕ್ಟ್ರ್. ಒಂದ್ಸಲ ಮೆಟ್ಟ್ ಮಾರಾಯ್ತಿ," ಎಂದರು ಅಜ್ಜಿ.

"ಮೆಟ್ಟಿ ಅಕ್ಕ. ಆಯ್ತ್‌ವಾರ ಕುಂದಾಪ್ರದ ಕಾಂಪಿಟೇಶನ್ನಿಗೆ ನಾ ಹೋಪುದೇ," ಎಂದಳು ಅಕ್ಷಯಾ.

ಸುಗುಣ ಬಗ್ಗಿ ಆ ಕಣಕಾಲನ್ನು ನೋಡಿದಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳೂ ಊದಿದ ಮೊಣಕಾಲಿಗೆ ಬಟ್ಟೆ ಬಿಗಿದು ಬೈಂದೂರಿನಲ್ಲಿ ಫೈನಲ್ ಆಡಿದ್ದಳು. ಗೆದ್ದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಮೊಣಕಾಲು ಕೆಟ್ಟು, ಆಮೇಲೆ ಅವಳು ಸ್ಪರ್ಧೆಗೆ ಇಳಿಯಲೇ ಇಲ್ಲ.

ಅವಳು ತನ್ನ ಕಾಲ ಹೆಬ್ಬೆರಳ ತುದಿಯನ್ನಷ್ಟೇ ಅಕ್ಷಯಾಳ ಕಾಲಿಗೆ ಮುಟ್ಟಿಸಿದಳು, ಭಾರ ಹಾಕಲಿಲ್ಲ.

"ಮೆಟ್ಟಿಯಾಯ್ತ್. ಇನ್ನ್ ಪಥ್ಯ ಇತ್ತ್. ಮೂರ್ ವಾರ ಹಾರುಕಾಗ, ಒದೆಯುಕಾಗ. ಎಣ್ಣಿ ಹಾಕಿ ತಿಕ್ಕುಕಾಗ. ಎರಡ್ ದಿನ ಬಟ್ಟಿ ಸುತ್ತಿ ಐಸ್ ಇಡ್ಕ್. ನೋವ್ ಇಳ್ದ್ ಮೇಲೆ ಹಲ್ಲುಜ್ಜುವತ್ತಿಗೆ ಅದೇ ಒಂಟಿ ಕಾಲಂಗೆ ನಿಲ್ಕ್. ಪಥ್ಯ ಮುರ್ದ್ರೆ ನಾ ಮೆಟ್ಟಿದ್ ತಟ್ತಿಲ್ಲ."

"ಹಂಗಾರೆ ಆಯ್ತ್‌ವಾರ?"

"ಆಯ್ತ್‌ವಾರ ಇಲ್ಲ."

ಅಕ್ಷಯಾ ಅಳುತ್ತಲೇ ಹೋದಳು. ಆದರೂ ಪಥ್ಯ ಮುರಿಯುವ ಧೈರ್ಯ ಅವಳಿಗಿರಲಿಲ್ಲ. ಮೀನಿನವಳ ಬುಟ್ಟಿಯಿಂದ ಅಜ್ಜಿ ಐಸು ಕೇಳಿ ತಂದು, ಮೀನು ವಾಸನೆಯ ಸಮೇತ ಕಾಲಿಗಿಟ್ಟರು. ಸ್ಪರ್ಧೆಯ ಭಾನುವಾರ ಸುಗುಣ ತರಗತಿಯಲ್ಲಿ ಒಬ್ಬಳೇ ಕುಳಿತು ಮ್ಯಾಟುಗಳ ಸಂದಿಗಳಿಗೆಲ್ಲ ಟೇಪು ಅಂಟಿಸಿದಳು. ತಡವಾಗಿ ಬಂದವರೂ ಮೊದಲು ಅಂಗಳದಲ್ಲಿ ಹತ್ತು ಸುತ್ತು ಓಡಿಯೇ ಒಳಗೆ ಬರಬೇಕೆಂದು ಬಾಗಿಲಿಗೆ ಬರೆದು ಹಾಕಿದಳು. ಮಗುವಿಗೆ ಸುಳ್ಳು ಹೇಳಿದೆನಲ್ಲ ಎಂದು ಮನಸ್ಸು ಮಾತ್ರ ಚುಚ್ಚುತ್ತಲೇ ಇತ್ತು.

ನಾಲ್ಕನೆಯ ವಾರ ಅಕ್ಷಯಾ ಅಜ್ಜಿಯೊಂದಿಗೆ ಎಲ್ಲರಿಗಿಂತ ಮೊದಲೇ ಬಂದಳು. ಪೆಟ್ಟಾಗಿದ್ದ ಕಾಲ ಮೇಲೆ ನಿಂತು ಇನ್ನೊಂದನ್ನು ನಿಧಾನಕ್ಕೆ ಸೊಂಟದೆತ್ತರಕ್ಕೆ ಎತ್ತಿದಳು. ಅಲುಗಾಡಲಿಲ್ಲ. ಸುಗುಣ ಅಜ್ಜಿಯ ಪಕ್ಕ ಹೋಗಿ ಕುಳಿತಳು.

"ಅಮ್ಮಾ, ನನ್ ಕಾಲಂಗೆ ಎಂತ ಶಕ್ತಿಯೂ ಇಲ್ಲ. ಸುಳ್ಳ್ ಹೇಳ್ದೆ," ಎಂದು ಅವರಿಗೆ ಮೆಲ್ಲಗೆ ಹೇಳಿದಳು.

ಕುಸುಮಾವತಿಯಮ್ಮ ನಕ್ಕರು. "ನಂಗೊತ್ತಿಲ್ಲದ್ದಾ? ಮೂರ್ ವಾರ ಅಂದೇಳಿ ಡಾಕ್ಟ್ರೂ ಹೇಳಿರ್. ಇವ್ಳ್ ಕೇಂಡ್ಳೇ ಇಲ್ಲ. ನೀ ಮೆಟ್ಟಿರೆ ಕೇಂತ್ಳ್ ಅಂದೇಳಿಯೇ ಕರ್ಕಂಡ್ ಬಂದದ್." ಆಮೇಲೆ ಸುಗುಣಳ ಮೊಣಕಾಲ ಮೇಲೆ ಕೈಯಿಟ್ಟರು. "ಅವತ್ತ್ ನಿಂಗೆ ಪಥ್ಯ ಹೇಳುಕೆ ಯಾರೂ ಇರ್ಲಿಲ್ಲ ಅಲ್ದಾ, ಮಗಾ?"

ಸುಗುಣಳ ಕಣ್ಣು ತುಂಬಿತು. ಹದಿನೇಳು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

"ಅಕ್ಕ, ಇನ್ನ್ ಒದೀಲಾ?" ಅಕ್ಷಯಾ ಕೂಗಿದಳು.

"ಮೊದ್ಲ್ ಹತ್ತ್ ಸುತ್ತ್ ಓಡ್," ಎಂದು ಸುಗುಣ ಕಣ್ಣೊರೆಸಿಕೊಂಡು ತಾನೂ ಎದ್ದಳು.