ಸಿ.ಡಿ.ಯ ಮುಖ ಯಾವ ಕಡೆ

೧

ಎಲ್ಲಿಂದ ಶುರು ಮಾಡಲಿ? ಕಂಪ್ಯೂಟರಿನಿಂದ ಮಾಡಿದರೆ ಸುಮಿತ್ರಮ್ಮ ತಡವಾಗಿ ಬರುತ್ತಾರೆ. ಸುಮಿತ್ರಮ್ಮನಿಂದ ಮಾಡಿದರೆ ನೀವು ಇದನ್ನು ಭಕ್ತಿಯ ಕಥೆ ಅಂದುಕೊಳ್ಳುತ್ತೀರಿ. ನನ್ನಿಂದ ಮಾಡಲು ನನಗೆ ನಾಚಿಕೆ. ಆದ್ದರಿಂದ ಒಂದೇ ಸಾಲು: ಎರಡು ಸಾವಿರದ ಆರು, ಬಾಳೆಹೊನ್ನೂರಿನ ಒಂದು ಟೈಪಿಂಗ್ ಅಂಗಡಿ, ವೈರಸ್ ಹೊಡೆದು ಮಲಗಿದ ಕಂಪ್ಯೂಟರ್, ವಿಂಡೋಸ್ ಬದಲು ಹಾಕಲು ಪುಕ್ಕಟೆಯಾಗಿ ಅಂಚೆಯಲ್ಲಿ ಬಂದಿದ್ದ ಒಂದು ಲಿನಕ್ಸ್ ಸಿ.ಡಿ.

(ಉದ್ದವಾಯಿತು. ಇರಲಿ.)

ಅಂಗಡಿ ಸೋಮನಾಥಣ್ಣನದು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲಿ ಕಸ ಗುಡಿಸಲು ಸೇರಿದವಳು. ನನ್ನನ್ನು ಕೀಬೋರ್ಡಿನ ಮುಂದೆ ಕೂರಿಸಿದವರು ಅವರ ತಾಯಿ ಸುಮಿತ್ರಮ್ಮ; ನಾನು ಅಮ್ಮ ಎಂದೇ ಕರೆಯುವುದು. ಆಮೇಲೆ ಊರಿನ ಲಗ್ನಪತ್ರಿಕೆಗಳನ್ನೆಲ್ಲ ನಾನೇ ಟೈಪ್ ಮಾಡುತ್ತಿದ್ದೆ.

ಸೋಮನಾಥಣ್ಣ ಸಿ.ಡಿ. ಹಾಕಿದರು. ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಮೇಲಿನ ಗೆರೆ ಮುಕ್ಕಾಲು ತುಂಬಿ ನಿಂತಿತು. ಸಿ.ಡಿ. ಓದಲಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬಂತು.

ಮತ್ತೆ ೧

ಇನ್‌ಸ್ಟಾಲ್ ನಿಂತರೆ ಮೊದಲಿನಿಂದ ಮಾಡಬೇಕು. ಕಥೆಗೂ ಅದೇ ನಿಯಮ.

ಈ ಸಲ ಅಣ್ಣ ರ್‍ಯಾಮ್ ತೆಗೆದು ಊದಿ ಹಾಕಿದರು. ಶಿವಮೊಗ್ಗದ ಗೆಳೆಯನಿಗೆ ಫೋನ್ ಮಾಡಿ, ಅವನು ಹೇಳಿದಂತೆ ಹಾರ್ಡ್‌ಡಿಸ್ಕಿನ ಪಾರ್ಟಿಶನ್ ಅನ್ನುವ ಒಳಭಾಗಗಳನ್ನು ಅಳಿಸಿ ಹೊಸದಾಗಿ ಮಾಡಿದರು. ಗೆರೆ ಅದೇ ಜಾಗಕ್ಕೆ ಬಂದು ನಿಂತಿತು.

"ಇನ್ನೊಂದು ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಇದನ್ನ ಗುಜರಿಗೆ ಹಾಕಿ ಬರೀ ಝೆರಾಕ್ಸ್ ಇಟ್ಕೊಳ್ತೀನಿ" ಅಂದರು. ನನ್ನ ಕಡೆ ನೋಡಿ ಹೇಳಲಿಲ್ಲ. ಝೆರಾಕ್ಸಿಗೆ ಒಬ್ಬರೇ ಸಾಕು. ನಾನು ಮತ್ತೆ ಹೆತ್ತ ಅವ್ವನ ಜೊತೆ ಎಸ್ಟೇಟಿಗೆ, ಕಾಫಿ ಕೊಯ್ಲಿಗೆ.

(ಇಲ್ಲಿ ನಾನು ಅಳುವ ಒಂದು ಪ್ಯಾರಾ ಇತ್ತು. ನಿಜಕ್ಕೂ ಅತ್ತಿರಲಿಲ್ಲ. ತೆಗೆದುಹಾಕಿದೆ.)

ಮತ್ತೂ ೧

ಅಣ್ಣ ಸಿ.ಡಿ. ಹೊರತೆಗೆದಾಗ ಅದರ ಹೊಳೆಯುವ ಮಗ್ಗುಲಲ್ಲಿ ಮೂರು ಮಾಸಲು ಗೆರೆಗಳು ನನಗೆ ಕಂಡವು. ಆಯುಧಪೂಜೆಯ ದಿನ ಅಮ್ಮ ಕತ್ತರಿ, ಸ್ಟೇಪ್ಲರ್, ಕೀಬೋರ್ಡ್ ಎಲ್ಲಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆದಿದ್ದರು. ಹೊಸದಾಗಿ ಬಂದಿದ್ದ ಸಿ.ಡಿ.ಯನ್ನೂ ಬಿಟ್ಟಿರಲಿಲ್ಲ. ಹೊಳೆಯುವ ಕಡೆಯೇ ಅದರ ಮುಖ ಅಂದುಕೊಂಡಿದ್ದರು. ಕಂಪ್ಯೂಟರ್ ಓದುವುದೂ ಆ ಕಡೆಯಿಂದಲೇ.

ಅಣ್ಣನಿಗೆ ಹೇಳಬಹುದಿತ್ತು. ಆದರೆ ಹಿಂದಿನ ವರ್ಷ ಮಾನಿಟರಿಗೆ ತೀರ್ಥ ಚಿಮುಕಿಸಿದ್ದಕ್ಕೆ ಅಣ್ಣ ಗಿರಾಕಿಗಳ ಎದುರೇ ರೇಗಿದ್ದರು. ಆಮೇಲೆ ಅಮ್ಮ ಬಹಳ ದಿನ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ನನ್ನ ಕುರ್ಚಿ ಉಳಿಯಬೇಕು, ಅಂಗಡಿಯಲ್ಲಿ ಅಮ್ಮ ಕೂರುವ ಸ್ಟೂಲೂ ಉಳಿಯಬೇಕು.

ಒಂದು ಅಂತ್ಯ: ನಾನು ಎದ್ದು ನಿಂತು ಎಲ್ಲವನ್ನೂ ಹೇಳುತ್ತೇನೆ.

(ಈ ಹಾಳೆ ಓದಿ ಅಮ್ಮ ಒಪ್ಪಲಿಲ್ಲ. "ನೀನು ಯಾವತ್ತು ಎದ್ದು ನಿಂತು ಮಾತಾಡಿದೀಯೆ ಮಾರಾಯ್ತಿ? ಓದೋರು ನಂಬಬೇಕಲ್ಲ.")

ಇನ್ನೊಂದು ಅಂತ್ಯ: ದೇವರ ದಯೆಯಿಂದ ಸಿ.ಡಿ. ತಾನಾಗಿಯೇ ಸರಿಹೋಗುತ್ತದೆ.

(ಇದಕ್ಕೆ ಅಮ್ಮ ಒಪ್ಪಿದರು. ನಾನು ಒಪ್ಪಲಿಲ್ಲ.)

ಆದದ್ದು ಇಷ್ಟು. ಅಣ್ಣ ಟೀ ಕುಡಿಯಲು ಹೋದರು. ನಾನು ಸಿ.ಡಿ. ಎತ್ತಿಕೊಂಡು ದುಪಟ್ಟಾದ ತುದಿಯಿಂದ, ನಡುವಿನಿಂದ ಹೊರಕ್ಕೆ, ಮೆಲ್ಲಗೆ ಒರೆಸತೊಡಗಿದೆ. ಸ್ಟೂಲಿನ ಮೇಲೆ ಕೂತು ಲಗ್ನಪತ್ರಿಕೆ ಮಡಚುತ್ತಿದ್ದ ಅಮ್ಮ ತಲೆ ಎತ್ತಿದರು.

"ದೇವರದನ್ನ ಒರೆಸ್ತೀಯಲ್ಲೇ?"

"ಇದು ಬೆನ್ನು ಅಮ್ಮ. ಹೆಸರು ಬರೆದಿರೋ ಕಡೆ ಮುಖ."

ಅವರು ಪತ್ರಿಕೆಗಳನ್ನು ಒಂದರ ಮೇಲೊಂದು ಸರಿಯಾಗಿ ಇಟ್ಟರು. ಆಮೇಲೆ ಕನ್ನಡಕ ಹಾಕಿಕೊಂಡು ಎದ್ದು ಬಂದರು.

"ಕೊಡಿಲ್ಲಿ. ನಿನ್ನ ದುಪಟ್ಟಾ ನೈಲಾನು, ಗೀರಾಗ್ತದೆ."

ಹಳೆಯ ಹತ್ತಿ ಸೀರೆಯ ಸೆರಗಿನಲ್ಲಿ ತಾವೇ ಒರೆಸಿದರು, ಮಗುವಿನ ಬೆನ್ನು ಒರೆಸುವ ಹಾಗೆ.

ಅಣ್ಣ ಬಂದರು. ನಮ್ಮಿಬ್ಬರನ್ನೂ ನೋಡಿದರು. ಏನು ಮಾಡಿದಿರಿ ಎಂದು ಕೇಳಿದರು. ಅಮ್ಮ ಸಿ.ಡಿ.ಯನ್ನು ಅವರ ಕೈಗೆ ಕೊಟ್ಟರು. ಅವರು ಸಿ.ಡಿ. ಹಾಕಿದರು. ಗೆರೆ ನಿಧಾನವಾಗಿ ತುಂಬುತ್ತಾ ಬಂತು. ಅಮ್ಮ ನನ್ನ ಮೊಣಕೈ ಹಿಡಿದುಕೊಂಡರು.

ಓದುತ್ತಿರುವವರೇ, ಗೆರೆ ಈಗ ಆ ಜಾಗಕ್ಕೆ ಬಂದಿದೆ. ದಾಟಿತೇ ಎಂದು ಕೇಳಬೇಡಿ. ಇದನ್ನು ಯಾವ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೇನೆ ಎಂದೂ ಕೇಳಬೇಡಿ. ಕಥೆಯನ್ನು ನಾನು ಮುಗಿಸುವುದಿಲ್ಲ.

ಮುಗಿಸಿದರೆ ಅಮ್ಮ ಮೊಣಕೈ ಬಿಟ್ಟುಬಿಡುತ್ತಾರೆ.